ನಿಂಬೆ ತೋಟದ ಮೈಲಿಗೆ

“ಯಾವಳಾದ್ರೂ ಹೊರಗಾಗಿದ್ರೆ ಇಲ್ಲೇ ಬೊಗಳ್ರಿ. ಒಳಗೆ ಹೋಗಿ ನನ್ನ ಗಿಡ ಹಾಳು ಮಾಡಿದ್ರೆ ಜಡೆ ಹಿಡಿದು ನಾಲೆಗೆ ಎಸೀತೀನಿ.”

ಶಕುಂತಲಮ್ಮ ತೋಟದ ಗೇಟಿಗೆ ಅಡ್ಡ ನಿಂತಿದ್ದಳು. ಗೊಬ್ಬರ ಹೊರಲು ಬಂದ ನಾವು ಕೇರಿಯ ಹೆಂಗಸರು ಪುಟ್ಟಿ ಹಿಡಿದು ಸಾಲಾಗಿ ನಿಂತಿದ್ದೆವು. ಮುಟ್ಟಾದವಳು ಮುಟ್ಟಿದರೆ ನಿಂಬೆ ಗಿಡ ಒಣಗುತ್ತದೆ ಎಂದು ಅವಳ ನಂಬಿಕೆ. ಹಾಗಾಗಿ ಒಬ್ಬೊಬ್ಬರೂ “ಇಲ್ರಿ ಅಮ್ಮಾರೆ” ಎಂದು ಗಟ್ಟಿಯಾಗಿ ಹೇಳಿಯೇ ಒಳಗೆ ಹೋಗಬೇಕು. ಗೊಬ್ಬರ ತಂದಿದ್ದ ಟ್ರ್ಯಾಕ್ಟರಿನ ಇಮಾಮ್ ಸಾಬ್ ಮುಖ ಆ ಕಡೆ ತಿರುಗಿಸಿಕೊಂಡು ಬೀಡಿ ಹಚ್ಚಿದ.

“ನಂದು ನಿಂತು ವರ್ಷಾತ್ರಿ ಅಮ್ಮಾರೆ,” ಎಂದಳು ಲತಕ್ಕ. “ಅನುಮಾನ ಇದ್ರೆ ಸೀರೆ ಎತ್ಲೇನ್ರಿ?”

ಹೆಂಗಸರು ಕಿಸಕ್ಕನೆ ನಕ್ಕರು. ನನ್ನ ಸರದಿ ಬಂತು. ಬಾಯಿ ತೆರೆದೆ. ಗಂಡಸರು ನಿಂತಿರುವ ಕಡೆ ಆ ಮಾತು ನನಗೆ ಎಂದೂ ಬಂದಿಲ್ಲ.

“ಏನೇ ವಾಣಿ, ಬಾಯಾಗೆ ಏನ್ ಇಟ್ಕಂಡೀಯ?”

“ಆಕೆಗೆ ಆಗಿಲ್ರಿ ಅಮ್ಮಾರೆ,” ಹಿಂದಿನಿಂದ ಅವ್ವ ಹೇಳಿದಳು. “ಮೊದ್ಲಿಂದ್ಲೂ ಹಂಗೇ ರೀ, ಮಾತು ಕಮ್ಮಿ.”

“ನಿನ್ನ ಕೇಳಿದ್ನೇನೆ ದುಗ್ಗೀ? ಹೋಗ್ರಿ, ಹೊತ್ತಾತು.”

ಕೋಳಿ ಫಾರಂನಿಂದ ನೇರವಾಗಿ ಬಂದ ಗೊಬ್ಬರ. ಟ್ರೈಲರಿನಿಂದ ಹಬೆ ಏಳುತ್ತಿತ್ತು. ಘಾಟಿಗೆ ಕಣ್ಣು ಉರಿದವು, ಪುಟ್ಟಿಯಡಿಯ ಬಟ್ಟೆ ಸಿಂಬಿ ದಾಟಿ ಬಿಸಿ ನೆತ್ತಿಗೆ ತಾಗುತ್ತಿತ್ತು. ಪ್ರತಿ ವರ್ಷ ತಿಪ್ಪೆಯಲ್ಲಿ ಕೊಳೆತ ದನದ ಗೊಬ್ಬರ ಹೊರುತ್ತಿದ್ದೆವು. ಗಿಡದ ಬುಡದಿಂದ ದೂರಕ್ಕೆ ಸುತ್ತ ಪಾತಿ ತೋಡಿ, ಹಾಕಿ, ಮಣ್ಣು ಎಳೆಯುತ್ತಿದ್ದೆವು. ಈ ಸಲ ಶಕುಂತಲಮ್ಮನ ಗಂಡ ವಾಮದೇವಪ್ಪ ದಾವಣಗೆರೆಯ ಮನೆಯಿಂದ ಕಾರಿನಲ್ಲಿ ಬಂದಿಳಿದು, ಕಾಲಿಗೆ ಕೆಸರಾಗದ ಕಡೆ ನಿಂತು ಕೂಗಿದ.

“ನಾಳೆ ನಾಲೆ ನೀರು ಬರ್ತೈತೆ. ಪಾತಿಗೀತಿ ಬ್ಯಾಡ, ಬುಡಕ್ಕೇ ಸುರುವ್ರಿ.”

“ಗೌಡ್ರೇ, ಇನ್ನೂ ಕೆಂಡದಂಗೈತಲ್ರಿ ಇದು,” ಎಂದಳು ಲತಕ್ಕ.

“ನಿನ್ ಕುಂಡಿಗೆ ಹಾಕ್ಕ ಅಂದ್ನೇನೆ? ಗಿಡಕ್ಕೆ ಹಾಕು.”

ಹಾಕಿದೆವು. ನಾಲೆ ಕಡೆಯ ಎರಡು ಸಾಲು ಉಳಿದಿರುವಾಗ ಗೊಬ್ಬರ ಮುಗಿದುಹೋಯಿತು. ಸಂಜೆ ಕೈ ತೊಳೆಯಲು ಹೋದರೆ ಕೇರಿಯವರು ಪಂಪಿನ ತೊಟ್ಟಿ ಮುಟ್ಟಬಾರದೆಂದು ಶಕುಂತಲಮ್ಮ ಚೊಂಬನ್ನು ಎತ್ತರಕ್ಕೆ ಹಿಡಿದು ನೀರು ಹೊಯ್ದಳು. ನನ್ನ ಬೆರಳ ಸಂದಿಯಲ್ಲಿ ಬೊಬ್ಬೆ ಎದ್ದಿದ್ದವು.

ಅಮಾವಾಸ್ಯೆ ಕಳೆಯುವಷ್ಟರಲ್ಲಿ ಗಿಡಗಳ ಎಲೆ ಹಳದಿಗೆ ತಿರುಗಿ, ತುದಿ ಸುಟ್ಟಂತೆ ಮುದುರಿದವು. ಹೂವು, ಹೀಚು ಎಲ್ಲ ನೆಲಕ್ಕೆ ಬಿತ್ತು. ನಾಲೆ ಕಡೆಯ ಎರಡು ಸಾಲು ಮಾತ್ರ ಹಸಿರಾಗಿ ನಿಂತಿದ್ದವು.

ವಾಮದೇವಪ್ಪ ಎಲೆಗಳ ಫೋಟೋ ತೆಗೆದು ತನಗೆ ಶಾಸ್ತ್ರ ಹೇಳುವ ಅಯ್ಯನವರಿಗೆ ವಾಟ್ಸಾಪ್ ಮಾಡಿದ. ಉತ್ತರ ದನಿಯಲ್ಲಿ ಬಂತು. ಗೊಬ್ಬರ ಹೊತ್ತವರನ್ನೆಲ್ಲ ಕರೆಸಿ, ನಮ್ಮೂರು ಭಾನುವಳ್ಳಿಯ ತನ್ನ ಮನೆಯ ಕಟ್ಟೆಯ ಕೆಳಗೆ ನಿಲ್ಲಿಸಿ, ಫೋನು ಎತ್ತಿ ಹಿಡಿದು ಕೇಳಿಸಿದ.

“ಹೆಣ್ಣಿನ ಮುಟ್ಟು ತಾಗೈತಪ್ಪ. ಪ್ರಾಯದ ಹೆಣ್ಣು. ಮುಚ್ಚಿಟ್ಟಾಳೆ.”

ಎಲ್ಲರೂ ನನ್ನ ಕಡೆ ನೋಡಿದರು. ಅಲ್ಲಿದ್ದವರಲ್ಲಿ ಮದುವೆಯಾಗದವಳು ನಾನೊಬ್ಬಳೇ.

“ನಾನು ಅವತ್ತೇ ಅಂದ್ಕಂಡೆ!” ಶಕುಂತಲಮ್ಮ ಕಟ್ಟೆಯ ಮೇಲಿಂದ ಬೆರಳು ತೋರಿಸಿದಳು. “ಎಲ್ಲಾರೂ ಬಾಯಿ ಬಿಟ್ಟು ಹೇಳಿದ್ರು. ಇವಳೊಬ್ಬಳು ಮೂಗಿ ಹಂಗೆ ನಿಂತಿದ್ಲು. ಯಾಕ ನಿಂತಿದ್ಲು?”

ನಾನು ಬೆರಳ ಸಂದಿಯ ಬೊಬ್ಬೆ ಕಲೆ ಉಜ್ಜುತ್ತ ನಿಂತೆ.

“ಆ ಎರಡು ಸಾಲು ಹಸಿರಾಗೇ ಐತಲ್ರಿ ಗೌಡ್ರೇ,” ಎಂದಳು ಲತಕ್ಕ ಮೆಲ್ಲಗೆ.

“ಅಲ್ಲಿ ಈ ರಂಡೆ ಕಾಲಿಟ್ಟಿಲ್ಲ. ಅದಕ್ಕೇ ಹಸಿರೈತೆ!” ಶಕುಂತಲಮ್ಮ ನಡುವೆ ಬಾಯಿ ಹಾಕಿದಳು.

ಲತಕ್ಕ ಹೆಂಗಸರ ಹಿಂದಕ್ಕೆ ಸರಿದಳು.

“ಸೋಮವಾರ ಉಕ್ಕಡಗಾತ್ರಿ ಗುಡಿಗೆ ಹೋಗಿ ಹೊಳೆಯಾಗೆ ಮುಳುಗು,” ಎಂದ ವಾಮದೇವಪ್ಪ. “ಒದ್ದೆ ಬಟ್ಟೆಯಾಗೇ ಬಂದು ತೋಟದ ಗೇಟಲ್ಲಿ ಎಲ್ಲಾರ ಮುಂದೆ ಹೇಳು, ಮುಟ್ಟಾಗಿ ಒಳಗೆ ಹೋಗಿದ್ದೆ, ತಪ್ಪಾತು ಅಂತ. ಹೇಳಲಿಲ್ಲಾಂದ್ರೆ ನಿಮ್ಮ ಕೇರಿ ಹೆಂಗಸ್ರು ಒಬ್ಬಾಕಿನೂ ಈ ನಾಲೆ ಗುಂಟ ಯಾವ ತೋಟಕ್ಕೂ ಕಾಲಿಡಂಗಿಲ್ಲ. ನನ್ನ ಮಾತು ನಡೀತೈತೋ ಇಲ್ಲೋ, ನೋಡ್ರಿ ಬೇಕಾದ್ರೆ.”

ನಡೆಯಿತು. ಮರುದಿನವೇ ಪಕ್ಕದ ಬಾಳೆ ತೋಟಕ್ಕೆ ಹೋದ ಹೆಂಗಸರನ್ನು ಅರ್ಧ ದಾರಿಯಿಂದ ವಾಪಸ್ ಕಳಿಸಿದರು. ಅವರು ಪುಟ್ಟಿಗಳನ್ನು ನಮ್ಮ ಮನೆ ಮುಂದೆಯೇ ಎತ್ತಿ ಒಗೆದರು.

“ಬಾಯಿಮಾತು ಕಣೆ, ಅಂದುಬಿಡು. ನಾಲಿಗೆ ಏನ್ ಸವೀತೈತಾ?”

“ಇವಳ ಮಾನ ಬೇಯಿಸಿ ಹಾಕಿದ್ರೆ ನಮ್ಮ ಮಕ್ಕಳ ಹೊಟ್ಟೆ ತುಂಬ್ತಾವಾ?”

ಅವ್ವ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಅವರೆಲ್ಲ ಹೋದ ಮೇಲೆ ಕೇಳಿದಳು.

“ಖರೆ ಹೇಳು. ಆಗಿತ್ತಾ ಅವತ್ತು?”

“ನೀನೇ ಅಂದ್ಯಲ್ಲವ್ವ ಗೇಟಲ್ಲಿ, ಆಗಿಲ್ಲಾಂತ.”

“ಅಂದೆ. ನಿನ್ನ ಒಳಗೆ ಬಿಡಬೇಕಿತ್ತಲ್ಲ, ಅದಕ್ಕಂದೆ.”

“ಆಗಿರ್ಲಿಲ್ಲವ್ವ.”

ಅವಳು ರೊಟ್ಟಿ ಹೆಂಚಿಗೆ ಹಾಕಿದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನನ್ನ ಮುಖ ನೋಡಲಿಲ್ಲ.

“ಆಗಿದ್ರೂ ಅಷ್ಟೆ, ಇಲ್ದಿದ್ರೂ ಅಷ್ಟೆ. ಸೋಮವಾರ ಹೇಳಿಬಿಡು.”

ಸೋಮವಾರ ಅವ್ವನ ಜೊತೆ ಹೋಗಿ ಹೊಳೆಯಲ್ಲಿ ಮುಳುಗಿದೆ. ಪೀಡೆ ಕಳೆಯಲೆಂದು ಭಕ್ತರು ಬಿಟ್ಟ ಹಳೇ ಬಟ್ಟೆಗಳು ಕಾಲಿಗೆ ಸುತ್ತಿಕೊಂಡವು. ವಾಪಸ್ ಬಸ್ಸಿನಲ್ಲಿ ಕಂಡಕ್ಟರ್ ಸೀಟು ಒದ್ದೆಯಾಗುತ್ತದೆ ಎಂದು ಕೂರಲು ಬಿಡಲಿಲ್ಲ. ಕಂಬಿ ಹಿಡಿದು ನಿಂತಿದ್ದಾಗ ಕಿಬ್ಬೊಟ್ಟೆ ಹಿಂಡಿತು. ತಣ್ಣನೆಯ ಬಟ್ಟೆಯೊಳಗೆ ತೊಡೆಗುಂಟ ಬೆಚ್ಚಗೆ ಇಳಿಯುತ್ತಿರುವುದು ಹೊಳೆಯ ನೀರಲ್ಲ ಎಂದು ಗೊತ್ತಾಯಿತು. ಅವ್ವನಿಗೆ ಹೇಳಲಿಲ್ಲ.

ತೋಟದ ಗೇಟು ತೆರೆದಿತ್ತು. ಒಂದು ಕಡೆ ನಮ್ಮ ಕೇರಿಯವರು, ಇನ್ನೊಂದು ಕಡೆ ವಾಮದೇವಪ್ಪನ ಆಳುಗಳು, ನಾಲೆ ದಂಡೆಯ ಮೇಲೆ ನೋಡಲು ಬಂದವರು. ವಾಮದೇವಪ್ಪ ಕಾರಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ.

“ಹೂಂ, ಬೊಗಳು,” ಎಂದಳು ಶಕುಂತಲಮ್ಮ. “ಎಲ್ಲಾರಿಗೂ ಕೇಳಂಗೆ.”

ಅವ್ವ ಹಿಂದಿನಿಂದ ನನ್ನ ಬೆನ್ನು ಒತ್ತಿದಳು.

“ಅವತ್ತು ಆಗಿರ್ಲಿಲ್ಲ,” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. “ಇವತ್ತು ಆಗೀನಿ. ಈಗ, ಬಸ್ಸಿನಾಗೆ. ಗಿಡ ಒಣಗ್ತಾವೋ ಇಲ್ಲೋ, ನೋಡ್ರಿ ಬೇಕಾದ್ರೆ.”

ಗೇಟು ದಾಟಿ ಒಳಗೆ ನಡೆದೆ. ಒಣಗಿದ ಗಿಡಗಳ ನಡುವೆ ಹಾದು ನಾಲೆ ಕಡೆಯ ಹಸಿರು ಸಾಲಿಗೆ ಹೋದೆ. ಮೊದಲನೆಯ ಗಿಡದ ಟೊಂಗೆಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದೆ. ಮುಳ್ಳು ಅಂಗೈಗೆ ಇಳಿಯಿತು. ಬಿಟ್ಟು ಪಕ್ಕದ ಗಿಡ ಹಿಡಿದೆ. ಅದನ್ನು ಬಿಟ್ಟು ಅದರಾಚೆಯದು.

“ಹಿಡೀರಲೇ ಆ ಬೋಸುಡಿನ! ಎಳ್ಕಂಡು ಬರ್ರಿ!” ವಾಮದೇವಪ್ಪ ಕುರ್ಚಿ ಕೆಡವಿ ಎದ್ದ.

ಆಳುಗಳು ಸಾಲಿನ ತುದಿಯವರೆಗೆ ಓಡಿ ಬಂದು ಗಕ್ಕನೆ ನಿಂತರು.

“ಹೆಂಗೆ ಮುಟ್ಟೋದ್ರಿ ಗೌಡ್ರೇ? ಆಗೀನಿ ಅಂತಾಳಲ್ರಿ...”

“ಕೋಲು ತಗಳ್ರಲೇ!”

“ಕೋಲಿಗೂ ತಾಗ್ತೈತಲ್ರಿ.”

ನಾಲೆ ದಂಡೆಯ ಮೇಲೆ ಯಾರೋ ನಕ್ಕರು. ಶಕುಂತಲಮ್ಮ ಎದೆ ಬಡಿದುಕೊಂಡು ಅಳುತ್ತಿದ್ದಳು. ನಾನು ಗಿಡದಿಂದ ಗಿಡಕ್ಕೆ ಹೋಗುತ್ತಿದ್ದೆ, ಒಂದನ್ನೂ ಬಿಡದೆ.

“ದುಗ್ಗೀ! ನೀನು ಹೋಗೆ! ನಿನ್ ಮಗಳ್ನ ಎಳ್ಕಂಡು ಬರ್ಲಿಲ್ಲಾಂದ್ರೆ ನಿನ್ ಗುಡಿಸಲಿಗೆ ಬೆಂಕಿ ಹಚ್ತೀನಿ!” ವಾಮದೇವಪ್ಪ ಕಿರುಚಿದ.

ಅವ್ವ ಸೀರೆ ಎತ್ತಿ ಕಟ್ಟಿ ಸಾಲಿನೊಳಗೆ ಇಳಿದಳು. ಕೇರಿಯ ಹೆಂಗಸರು “ಹೊಡಿಯೇ ಅವಳಿಗೆ, ಹೊಡಿ” ಎಂದು ಕೂಗುತ್ತಿದ್ದರು. ತರಗೆಲೆಯ ಮೇಲೆ ಅವ್ವನ ಹೆಜ್ಜೆ ಹತ್ತಿರವಾದವು. ಹೊಡೆಯಲು ಬರುತ್ತಿದ್ದಾಳೋ, ಇನ್ನೇನಕ್ಕೋ, ನಾನು ತಿರುಗಿ ನೋಡಲಿಲ್ಲ. ಇನ್ನೂ ಒಂದು ಸಾಲು ಉಳಿದಿತ್ತು.