ಹೊಸ ಯಂತ್ರಕ್ಕೆ ಒಗ್ಗದ ಮುಖ

ಪರದೆಯ ಮೇಲಿನ ನೀಲಿ ಪಟ್ಟಿ ಅರ್ಧದವರೆಗೆ ತೆವಳಿ ಬಂದು ನಿಂತುಬಿಟ್ಟಿತು. ಇನ್ನೊಂದು ಬಟ್ಟಲು ಚಹಾಕ್ಕೆ ಹೊತ್ತಿದೆ ಎಂದು ಸಾಯ್ರಾ ಕೆಟಲಿನ ಕಡೆ ಕೈ ಚಾಚಿದಳು. ಶಾರ್ಶೆನ್ ತನ್ನ ಬಟ್ಟಲನ್ನು ಮುಂದೆ ಸರಿಸಿದ. ಮೇಜಿನ ಕೆಳಗೆ ಹಳೆಯ ಕಂಪ್ಯೂಟರ್ ಗೂರಲು ರೋಗದ ಮುದುಕನಂತೆ ಉಸಿರಾಡುತ್ತಿತ್ತು. ಪಕ್ಕದ ಕೋಣೆಯಲ್ಲಿ ಕಪ್ಪು ಕಲ್ಲಿನ ಮೇಲೆ ಸೂಜಿಯ ಯಂತ್ರ ಟಕಟಕ ಎಂದು ಯಾರದೋ ಮುಖವನ್ನು ಕುಟ್ಟುತ್ತಿತ್ತು.

ತೊಕ್ಮೋಕ್ ಊರಾಚೆಯ ದೊಡ್ಡ ರಸ್ತೆಯಲ್ಲಿ ಎರ್ಕಿನ್‌ನ ಗೋರಿಕಲ್ಲಿನ ಕಾರ್ಖಾನೆಯಿತ್ತು. ಸತ್ತವರ ಫೋಟೋ ತಿದ್ದಿ, ಕಲ್ಲಿಗೆ ಹೊಂದುವಂತೆ ಮಾಡಿಕೊಡುವುದು ಶಾರ್ಶೆನ್‌ನ ಕೆಲಸ. ಜನ ತರುವ ಫೋಟೋಗಳೋ, ದೇವರಿಗೇ ಪ್ರೀತಿ. ಬೆಂಕಿಪೊಟ್ಟಣದಷ್ಟು ಅಗಲದ್ದು, ಮಡಚಿ ಮಡಚಿ ಮೂಗಿನ ಮೇಲೆ ಗೆರೆ ಬಿದ್ದದ್ದು, ಸೈನ್ಯದ ಟೊಪ್ಪಿ ಹಾಕಿಕೊಂಡು ಹದಿನೆಂಟರ ಹುಡುಗನಾಗಿದ್ದಾಗ ತೆಗೆಸಿಕೊಂಡದ್ದು. ಅದರಿಂದ ಎಪ್ಪತ್ತರ ಮುದುಕನನ್ನು ಮಾಡಿಕೊಡಬೇಕು. ಅದಕ್ಕೇ ಮನೆಯವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು ರೂಢಿ. ಹುಬ್ಬು ಇಷ್ಟು ತೆಳುವಿರಲಿಲ್ಲ, ಗಲ್ಲ ಸ್ವಲ್ಪ ಈ ಕಡೆಗೆ ಎಂದು ಹೇಳುತ್ತಾ ಹೋಗುತ್ತಾರೆ, ಇವನು ತಿದ್ದುತ್ತಾ ಹೋಗುತ್ತಾನೆ. ಒಂದೊಂದು ತಿದ್ದುಪಡಿಗೂ ಆ ಹಳೆಯ ಯಂತ್ರ ಒಂದೊಂದು ಯುಗ ತೆಗೆದುಕೊಳ್ಳುತ್ತಿತ್ತು. ಆ ಹೊತ್ತಿನಲ್ಲಿ ಜನ ಚಹಾ ಕುಡಿಯುತ್ತಿದ್ದರು, ಮಾತಾಡುತ್ತಿದ್ದರು, ಅಳುತ್ತಿದ್ದರು. ಶಾರ್ಶೆನ್‌ನ ಹೆಂಡತಿ ಬಿಟ್ಟುಹೋದ ಮೇಲೆ ಅವನ ಜೊತೆ ಯಾರಾದರೂ ಕೂತು ಚಹಾ ಕುಡಿದದ್ದು ಇದ್ದರೆ ಈ ಕುರ್ಚಿಯಲ್ಲೇ.

ಸಾಯ್ರಾಳ ಗಂಡ ಕುಬಾನ್ ಲಾರಿ ಓಡಿಸುತ್ತಿದ್ದವನು. ಹೋದ ಚಳಿಗಾಲ ಓಶ್ ದಾರಿಯ ಘಟ್ಟದಲ್ಲಿ ಹಿಮ ಜಾರಿ ಲಾರಿಯ ಸಮೇತ ಹೋಗಿಬಿಟ್ಟ. ಫೋನೂ ಅವನ ಜೊತೆಗೇ ಹೋಯಿತು. ಪಾಸ್‌ಪೋರ್ಟನ್ನು ಮರಣಪತ್ರ ಕೊಡುವಾಗ ಕಚೇರಿಯವರು ವಾಪಸು ತೆಗೆದುಕೊಂಡರು. ಕ್ಯಾಮೆರಾ ಕಂಡರೆ ಎದ್ದು ಹೋಗುವ ಜಾಯಮಾನದವನಾದ್ದರಿಂದ ಮನೆಯಲ್ಲಿ ಉಳಿದದ್ದು ಯಾರದೋ ಮದುವೆಯ ಒಂದು ಗುಂಪು ಫೋಟೋ. ಅದರಲ್ಲಿ ತುದಿಗೆ ನಿಂತಿದ್ದಾನೆ. ಮುಂದಿನವನ ಬಿಳಿ ಕಲ್ಪಾಕ್ ಟೊಪ್ಪಿಯ ನೆರಳು ಅವನ ಅರ್ಧ ಮುಖವನ್ನು ನುಂಗಿಹಾಕಿದೆ.

ಇಂಥ ಫೋಟೋಗಳಲ್ಲಿ ಕತ್ತಿನ ಕೆಳಗೆ ಏನೂ ಸಿಕ್ಕುವುದಿಲ್ಲ. ಅದಕ್ಕೆ ಶಾರ್ಶೆನ್ ಹತ್ತಿರ ಒಂದು ಉಪಾಯವಿತ್ತು. ಕೆಲಸಕ್ಕೆ ಸೇರಿದ ವರ್ಷ ತನ್ನ ಮದುವೆಯ ಕೋಟು, ಟೈ ಹಾಕಿಕೊಂಡು ಒಂದು ಫೋಟೋ ತೆಗೆಸಿ, ತಲೆಯನ್ನು ಅಳಿಸಿ ಇಟ್ಟುಕೊಂಡಿದ್ದ. ಅಂದಿನಿಂದ ಊರಿನಲ್ಲಿ ಸತ್ತ ಗಂಡಸರೆಲ್ಲ ಅದೇ ಕೋಟು ತೊಟ್ಟು, ಅವನದೇ ಹೆಗಲ ಮೇಲೆ ತಲೆಯಿಟ್ಟು ಕಲ್ಲಿನೊಳಗೆ ನಿಂತಿದ್ದರು. "ನಮ್ಮೂರ ಸ್ಮಶಾನದಲ್ಲಿ ನಿನ್ನಷ್ಟು ಜಾಗ ಹಿಡ್ಕೊಂಡಿರೋನು ಇನ್ನೊಬ್ಬ ಇಲ್ಲ ಕಣೋ. ನೀನು ಸತ್ರೆ ಕಲ್ಲೇ ಬೇಡ," ಎಂದು ಎರ್ಕಿನ್ ಕುಡಿದಾಗಲೆಲ್ಲ ನಗುತ್ತಿದ್ದ. ಕುಬಾನ್‌ಗೂ ಅದೇ ಕೋಟು ಬಂತು. ತನ್ನ ಗಂಡನಿಗೆ ಕೋಟು ಇಷ್ಟು ಒಪ್ಪುತ್ತದೆಂದು ಗೊತ್ತೇ ಇರಲಿಲ್ಲ ಎಂದಳು ಸಾಯ್ರಾ. ಅದು ಯಾರದು ಎಂದು ಅವಳು ಕೇಳಲಿಲ್ಲ, ಇವನೂ ಹೇಳಲಿಲ್ಲ.

ಅವಳು ಬಜಾರಿನಲ್ಲಿ ಕುರುತ್ ಮಾರುತ್ತಿದ್ದಳು, ಉಪ್ಪು ಹಾಕಿ ಒಣಗಿಸಿದ ಮೊಸರಿನ ಉಂಡೆ. ಗುರುವಾರ ಮಧ್ಯಾಹ್ನ ಅಂಗಡಿಯನ್ನು ಪಕ್ಕದವಳಿಗೆ ಒಪ್ಪಿಸಿ, ಒಂದು ಚೀಲದಲ್ಲಿ ಕುರುತ್, ಇನ್ನೊಂದರಲ್ಲಿ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೊರ್ಸೋಕ್ ಹಿಡಿದುಕೊಂಡು ಬರುತ್ತಿದ್ದಳು. ಬಟ್ಟಲಿಗೆ ಎರಡೇ ಗುಟುಕು ಚಹಾ ಹೊಯ್ಯುತ್ತಿದ್ದಳು. ತುಂಬ ಹೊಯ್ದರೆ ಕುಡಿದು ಜಾಗ ಖಾಲಿ ಮಾಡು ಎಂದಂತೆ. ಮೊದಮೊದಲು ಶಾರ್ಶೆನ್ ಅವಳನ್ನು ತಂಗಿ ಎಂದೇ ಕರೆಯುತ್ತಿದ್ದ. ಆ ಊರಿನಲ್ಲಿ ತನಗಿಂತ ಚಿಕ್ಕ ಹೆಂಗಸನ್ನು ತಂಗಿ ಅನ್ನದೆ ಮಾತಾಡಿಸಲು ಬರುವುದಿಲ್ಲ. ಆಮೇಲೆ ಯಾವಾಗಲೋ ಆ ಮಾತು ಅವನ ನಾಲಿಗೆಯಿಂದ ಬಿದ್ದುಹೋಯಿತು. ಅದರ ಬದಲು ಏನನ್ನುವುದೆಂದು ತಿಳಿಯದೆ ಅವಳನ್ನು ಏನೂ ಅನ್ನದೆ ಮಾತಾಡಿಸತೊಡಗಿದ. ಅವಳು ಮಾತ್ರ ಮಾತುಮಾತಿಗೂ ಅಣ್ಣ ಎನ್ನುತ್ತಿದ್ದಳು.

ಬೇಸಿಗೆ ಮುಗಿಯುವ ಹೊತ್ತಿಗೆ ಎರ್ಕಿನ್ ಬಿಷ್ಕೆಕ್‌ನಿಂದ ಹೊಸ ಕಂಪ್ಯೂಟರ್ ತಂದ. ಪ್ರೊಸೆಸರ್ ಈ ವರ್ಷದ್ದು, ಇದರ ಮುಂದೆ ನಿನ್ನ ಹಳೆಯದು ಕತ್ತೆಗಾಡಿ ಎಂದ. ಹಳೆಯ ಪ್ರೋಗ್ರಾಂ ಅದರಲ್ಲಿ ಏಳಲೇ ಇಲ್ಲ. ಈ ಯಂತ್ರದಲ್ಲಿ ಇದು ನಡೆಯದು ಎಂದು ಒಂದು ಸಾಲು ತೋರಿಸಿ ಮುಚ್ಚಿಕೊಂಡಿತು. ಶಾರ್ಶೆನ್‌ಗೆ ಒಳಗೊಳಗೇ ಹಿಗ್ಗಾಯಿತು. ಆದರೆ ಮಾರನೆಯ ದಿನ ಮಾರಿದವನೇ ಬಂದು ಹೊಸ ಆವೃತ್ತಿ ಹಾಕಿಕೊಟ್ಟು ಹೋದ. ಆಮೇಲೆ ಎಲ್ಲ ನೀರು ಕುಡಿದಷ್ಟು ಸಲೀಸು. ಬೆಳಿಗ್ಗೆ ಬಂದ ಗಿರಾಕಿ ಕುರ್ಚಿ ಎಳೆದು ಕೂರುವುದರೊಳಗೆ ಗೆರೆ, ಕಲೆ, ಮಬ್ಬು ಎಲ್ಲ ಮಾಯ. ಚಹಾಕ್ಕಿಟ್ಟ ನೀರು ಕುದಿಯುವ ಮೊದಲೇ ಜನ ಎದ್ದು, ರಹಮತ್, ಉಪಕಾರವಾಯಿತು ಎಂದು ಹೊರಡುತ್ತಿದ್ದರು. ಎರ್ಕಿನ್‌ಗೆ ಖುಷಿಯೋ ಖುಷಿ. ಶಾರ್ಶೆನ್ ಕುದಿದ ನೀರನ್ನು ತಾನೊಬ್ಬನೇ ಕುಡಿದ.

ಒಂದು ಬುಧವಾರ ಯಾರೂ ಇಲ್ಲದಾಗ ಕುಬಾನ್‌ನ ಫೈಲನ್ನು ಹೊಸದರಲ್ಲಿ ತೆರೆದು ನೋಡಿದ. ತಕರಾರಿಲ್ಲದೆ ತೆರೆಯಿತು. ಹಳೆಯದರಲ್ಲಿ ಇಡೀ ಮಧ್ಯಾಹ್ನ ತಿನ್ನುತ್ತಿದ್ದ ಆ ಮಬ್ಬು ಕಣ್ಣು ಮಿಟುಕಿಸುವುದರೊಳಗೆ ತೊಳೆದುಹೋಯಿತು. ನೆರಳು ನುಂಗಿದ್ದ ಕೆನ್ನೆಯನ್ನು ಬೆಳಕಿನ ಕಡೆಯ ಕೆನ್ನೆ ನೋಡಿ ಯಂತ್ರವೇ ತುಂಬಿಕೊಂಡಿತು. ಅಲ್ಲಿ ಒಬ್ಬ ಜೀವಂತ ಗಂಡಸು ಕೂತಿದ್ದ. ದಪ್ಪ ಹುಬ್ಬು, ನಗಲೋ ಬೇಡವೋ ಎನ್ನುವ ಬಾಯಿ. ಇನ್ನು ಮಾಡುವುದೇನೂ ಉಳಿದಿರಲಿಲ್ಲ. ಶಾರ್ಶೆನ್ ಅವನನ್ನು ತುಂಬ ಹೊತ್ತು ನೋಡಿದ. ಹೊಟ್ಟೆಕಿಚ್ಚಾಯಿತು, ಸತ್ತವನ ಮೇಲೆ. ನಾಳೆ ಇದನ್ನು ತೋರಿಸಿದರೆ ನಾಡಿದ್ದಿನಿಂದ ಈ ಕುರ್ಚಿ ಖಾಲಿ ಎಂದು ಅವನಿಗೆ ಗೊತ್ತಿತ್ತು. ಉಳಿಸಬೇಕೇ ಎಂದು ಯಂತ್ರ ಕೇಳಿತು. ಬೇಡ ಎಂದ.

ಗುರುವಾರ ಸಾಯ್ರಾ ಬಂದು, ಮೇಜಿನ ಮೇಲಿನ ಹೊಸ ಯಂತ್ರ ನೋಡಿ, ಇದರಲ್ಲಿ ಬೇಗ ಆಗುತ್ತಂತಲ್ಲ ಎಂದು ಕೇಳಿದಳು.

"ಹೊಸಾದಕ್ಕೆ ಹಳೇ ಫೈಲ್ ಒಗ್ತಾ ಇಲ್ಲ," ಎಂದ ಶಾರ್ಶೆನ್, ಪರದೆಯಿಂದ ಕಣ್ಣು ತೆಗೆಯದೆ. "ಪ್ರೊಸೆಸರ್ ಬೇರೆ ಥರದ್ದು. ಇವರ್ದನ್ನ ಹಳೇದ್ರಲ್ಲೇ ಮುಗಿಸ್ಬೇಕು."

"ಹಳೇದೇ ಇರ್ಲಿ ಬಿಡಿ ಅಣ್ಣ," ಎಂದು ಅವಳು ಚೀಲದಿಂದ ಬೊರ್ಸೋಕ್ ತೆಗೆದಳು.

ಹಳೆಯದನ್ನು ಗುಜರಿಗೆ ಹಾಕುತ್ತೇನೆಂದು ಬಂದ ಎರ್ಕಿನ್‌ಗೂ ಅದೇ ಸುಳ್ಳು ಹೇಳಿ ಕಳಿಸಿದ. ಊರಿನ ಉಳಿದ ಸತ್ತವರೆಲ್ಲ ಹೊಸ ಯಂತ್ರದಲ್ಲಿ ದಡದಡನೆ ದಾಟಿಹೋದರು. ಕುಬಾನ್ ಒಬ್ಬ ಹಳೆಯದರಲ್ಲಿ ಉಳಿದುಕೊಂಡ. ಆ ಗುರುವಾರಗಳಲ್ಲಿ ನೀಲಿ ಪಟ್ಟಿ ತೆವಳುತ್ತಿರುವಾಗ ಸಾಯ್ರಾ ಏನೇನೋ ಹೇಳುತ್ತಿದ್ದಳು. ಬಜಾರಿನ ಜಗಳ, ತವರಿನ ಕುದುರೆ, ಕುಬಾನ್ ಗೊರಕೆ ಹೊಡೆಯುವಾಗ ಮೂಗು ಹಿಡಿದರೂ ಏಳದ ಕಥೆ. ಶಾರ್ಶೆನ್ ನಗುತ್ತಿದ್ದ. ತಾನು ಇಷ್ಟು ನಗಬಲ್ಲೆ ಎನ್ನುವುದು ಅವನಿಗೇ ಮರೆತುಹೋಗಿತ್ತು. ಮಾಡುತ್ತಿರುವುದು ತಪ್ಪೆಂದು ತಿಳಿಯದ ಮನುಷ್ಯನೇನಲ್ಲ ಅವನು. ಮುಂದಿನ ವಾರ ಹೇಳಿದರಾಯಿತು ಎಂದುಕೊಳ್ಳುತ್ತಿದ್ದ, ಮುಂದಿನ ವಾರ ಬಂದಾಗ ಮತ್ತೆ ಅದನ್ನೇ ಅಂದುಕೊಳ್ಳುತ್ತಿದ್ದ.

ಆದರೆ ಚಳಿ ಯಾರ ದಾಕ್ಷಿಣ್ಯಕ್ಕೂ ಕಾಯುವುದಿಲ್ಲ. ವರ್ಷ ತುಂಬುವ ಮೊದಲು ಕಲ್ಲು ನಿಲ್ಲಿಸಿ, ಕುದುರೆ ಕೊಯ್ದು, ಸತ್ತವನ ಹೆಸರಿನಲ್ಲಿ ಊರಿಗೆ ಆಶ್ ಊಟ ಹಾಕಬೇಕು. ಹಿಮ ಕಟ್ಟಿದರೆ ಸಿಮೆಂಟು ಹಿಡಿಯುವುದಿಲ್ಲ. ಕುಬಾನ್‌ನ ಅಣ್ಣ ಜಪರ್ ಆಗಲೇ ಕುಣಿಯುತ್ತಿದ್ದ. ಮುಖ ಗಿಖ ಯಾಕೆ, ಹೆಸರು ಬರೆಸಿದರೆ ಸಾಲದೇ, ಮೊದಲೆಲ್ಲ ಯಾರ ಗೋರಿಯ ಮೇಲೆ ಮುಖ ಇತ್ತು ಎಂದು ಅವನ ವಾದ. ಸಾಯ್ರಾ ಅದನ್ನು ಹೇಳಿದಾಗಲೆಲ್ಲ ಶಾರ್ಶೆನ್ ಕೈಯಲ್ಲಿದ್ದ ಬೊರ್ಸೋಕನ್ನು ಮೇಜಿನ ಮೇಲೆ ವಾಪಸು ಇಡುತ್ತಿದ್ದ.

ಆ ಗುರುವಾರ ನೀಲಿ ಪಟ್ಟಿ ಇನ್ನೂ ಕಾಲುಭಾಗದಲ್ಲಿರುವಾಗ ಎರ್ಕಿನ್ ಬಾಗಿಲು ತಳ್ಳಿಕೊಂಡು ಬಂದ. ಈಗ ಜಪರ್ ಫೋನ್ ಮಾಡಿದ್ದನಂತೆ. ರೇಡಿಯೋದಲ್ಲಿ ನಾಡಿದ್ದಿನಿಂದ ಹಿಮ ಎಂದಿದ್ದಾರಂತೆ. ನಾಳೆ ಬೆಳಿಗ್ಗೆ ಸಿಮೆಂಟು ಹಾಕುತ್ತಾರೆ. ಸೂಜಿ ಯಂತ್ರ ಒಂದು ಮುಖ ಕುಟ್ಟಿ ಮುಗಿಸಲು ರಾತ್ರಿಯೆಲ್ಲ ಬೇಕು.

"ಈಗ ಕೊಟ್ರೆ ಮುಖ. ಇಲ್ಲಾಂದ್ರೆ ಬರೀ ಹೆಸರು ಹೊಡೆದು ಕಳಿಸ್ತೀನಿ," ಎಂದು ಹೇಳಿ ಎರ್ಕಿನ್ ಕಲ್ಲು ಹೊರಿಸಲು ಹೋದ.

ಸಾಯ್ರಾ ಬಟ್ಟಲನ್ನು ಕೆಳಗಿಟ್ಟಳು. ಅವಳ ಮುಖ ಸುಣ್ಣ ಬಳಿದಂತಾಗಿತ್ತು. ಪರದೆಯ ಮೇಲಿನ ಪಟ್ಟಿಯನ್ನು ನೋಡಿದಳು, ಶಾರ್ಶೆನ್‌ನನ್ನು ನೋಡಿದಳು.

"ಅವರ ಮುಖ ನಂಗೇ ಮರ್ತುಹೋಗ್ತಾ ಇದೆ ಅಣ್ಣ," ಎಂದಳು. "ಕಣ್ಣು ಮುಚ್ಚಿದ್ರೆ ಬರ್ತಿಲ್ಲ. ಆ ಕಲ್ಲಲ್ಲೂ ಇಲ್ದಿದ್ರೆ ನಾನೆಲ್ಲಿ ಹೋಗಿ ನೋಡ್ಲಿ?"

ಶಾರ್ಶೆನ್ ಕುರ್ಚಿಯನ್ನು ಹೊಸ ಯಂತ್ರದ ಮುಂದೆ ಸರಿಸಿಕೊಂಡ. ಫೈಲ್ ತೆರೆದ. ತೆರೆಯಿತು. ಮಬ್ಬು ತೊಳೆದ, ತೊಳೆದುಹೋಯಿತು. ನೆರಳನ್ನು ತೆಗೆದ, ಹೋಯಿತು. ಕುಬಾನ್ ಪೂರ್ತಿ ಮುಖ ಹೊತ್ತು ಈಚೆ ಬಂದು ಇಬ್ಬರನ್ನೂ ನೋಡಿದ. ಅವಳು ಇಟ್ಟ ಬಟ್ಟಲಿನಲ್ಲಿ ಚಹಾ ಇನ್ನೂ ಹೊಗೆಯಾಡುತ್ತಿತ್ತು.

"ಇಷ್ಟೇನಾ?" ಎಂದಳು ಸಾಯ್ರಾ.

"ಇಷ್ಟೇ."

"ಮೊದ್ಲೇ ಆಗ್ತಿತ್ತಾ?"

"ಆಗ್ತಿತ್ತು."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ತನ್ನ ಕೈಯಲ್ಲೇ ಇತ್ತು ಎನ್ನುವುದು ಶಾರ್ಶೆನ್‌ಗೆ ಗೊತ್ತಿತ್ತು. ಅವಳು ಬಯ್ಯಲಿ ಎಂದು ಕಾದ. ಬೈಗುಳವಾದರೂ ಅವನಿಗೆಂದೇ ಆಡಿದ ಮಾತಾಗುತ್ತಿತ್ತು. ಆದರೆ ಅವಳು ಅವನ ಕಡೆ ತಿರುಗಲೇ ಇಲ್ಲ. ಬಾಯಿಯ ಮೇಲೆ ಕೈಯಿಟ್ಟುಕೊಂಡು ಪರದೆಯ ಹತ್ತಿರ ಹತ್ತಿರ ಬಂದಳು. ಇವನ ಹೆಗಲಿಗೆ ಅವಳ ತೋಳು ತಗುಲಿತು. ಅದು ಅವಳ ಅರಿವಿಗೆ ಬರಲಿಲ್ಲ.

"ಅಣ್ಣ, ಸ್ವಲ್ಪ ಹೊರಗಿರ್ತೀರಾ?"

ಫೈಲನ್ನು ಸೂಜಿ ಯಂತ್ರಕ್ಕೆ ಕಳಿಸಿ, ಮುಖವನ್ನು ಪರದೆಯ ಮೇಲೆ ಹಾಗೇ ಬಿಟ್ಟು ಎದ್ದ. ಗೂಟದಲ್ಲಿದ್ದ ದಪ್ಪ ಅಂಗಿ ತೆಗೆದುಕೊಳ್ಳುವುದು ಮರೆತು ಹಿತ್ತಿಲ ಅಂಗಳಕ್ಕೆ ಬಂದ. ರೇಡಿಯೋದವರು ಸುಳ್ಳು ಹೇಳಿದ್ದರು, ಹಿಮ ಆಗಲೇ ಪುಡಿಪುಡಿಯಾಗಿ ಉದುರತೊಡಗಿತ್ತು. ಗೋಡೆಗೆ ಒರಗಿಸಿದ ಕಪ್ಪು ಕಲ್ಲುಗಳು, ಇನ್ನೂ ಯಾರ ಮುಖವೂ ಬಾರದವು, ಸಾಲಾಗಿ ನಿಂತಿದ್ದವು.

ಕಿಟಕಿಯ ಸಂದಿನಿಂದ ಅವಳ ಮಾತು ಕೇಳಿಸಿತು. ಅಳುತ್ತಾಳೆ ಎಂದುಕೊಂಡಿದ್ದ. ಅವಳು ಗಂಡನನ್ನು ಬಯ್ಯುತ್ತಿದ್ದಳು, ಸಂತೆಗೆ ಹೋಗಿ ಕತ್ತಲಾದ ಮೇಲೆ ಬಂದ ಗಂಡನನ್ನು ಬಯ್ಯುವಂತೆ. ಹಿಮ ಬೀಳ್ತಿದೆ ಹೋಗ್ಬೇಡ ಅಂದ್ರೆ ಕೇಳಿದ್ಯಾ, ಒಲೆ ಕೊಳವೆ ಸರಿ ಮಾಡ್ತೀನಿ ಅಂದಿದ್ದೆ ಮಾಡಿದ್ಯಾ, ನಿಮ್ಮಣ್ಣನ ಬಾಯಿಗೆ ನನ್ನ ಒಬ್ಬಳ್ನೇ ಬಿಟ್ಟು ಹೋದ್ಯಲ್ಲ. ಇಷ್ಟು ತಿಂಗಳು ಇವನ ಪಕ್ಕದಲ್ಲಿ ಕೂತು ಆಡಿದ ಯಾವ ಮಾತಿನಲ್ಲೂ ಆ ದನಿ ಇರಲಿಲ್ಲ. ಹಾಗೆ ಬಯ್ಯಿಸಿಕೊಳ್ಳುವ ಭಾಗ್ಯ ತನಗೆ ಎಂದೂ ಬರಲಿಲ್ಲವಲ್ಲ ಎಂದು ಶಾರ್ಶೆನ್‌ಗೆ ಸಂಕಟವಾಯಿತು.

ಆಮೇಲೆ ದನಿ ತಗ್ಗಿತು.

"ಆ ಅಣ್ಣನ ಮೇಲೆ ಸಿಟ್ಟು ಮಾಡ್ಕೋಬೇಡ," ಎನ್ನುತ್ತಿದ್ದಳು. "ಕೆಟ್ಟವರಲ್ಲ. ಅವರಿಗೆ ಯಾರೂ ಇಲ್ಲ, ಪಾಪ. ಅದಕ್ಕೇ ಹಾಗೆ ಮಾಡಿದ್ರು. ಇನ್ನು ನಾನು ಇಲ್ಲಿಗೆ ಬರೋದಿಲ್ಲ ಬಿಡು. ನಿನ್ನ ಹತ್ರಾನೇ ಬರ್ತೀನಿ."

ಶಾರ್ಶೆನ್ ಕಿಟಕಿಯಿಂದ ದೂರ ಸರಿದ. ಅಲ್ಲಿಗೂ ದನಿ ಬರುತ್ತಿತ್ತು. ಅಂಗಳದ ತುದಿಯವರೆಗೆ ಹೋದ. ಅಲ್ಲಿ ಕೇಳಿಸಲಿಲ್ಲ. ಕೈ ಸುಮ್ಮನಿರಲಾರದೆ ಒಂದು ಕಲ್ಲಿನ ಮೇಲೆ ಕೂತಿದ್ದ ಹಿಮದ ಪುಡಿಯನ್ನು ಅಂಗೈಯಿಂದ ಒರೆಸಿದ, ಆಮೇಲೆ ಪಕ್ಕದ ಕಲ್ಲಿನದು, ಆಮೇಲೆ ಅದರಾಚೆಯದು. ಕೊನೆಯ ಕಲ್ಲು ಮುಟ್ಟುವ ಹೊತ್ತಿಗೆ ಮೊದಲಿನದು ಮತ್ತೆ ಬೆಳ್ಳಗಾಗಿತ್ತು. ಒಳಗಿನಿಂದ ಅವಳು ಇನ್ನೂ ಬಂದಿರಲಿಲ್ಲ. ಅವನು ಹಿಂದಕ್ಕೆ ಹೋಗಿ ಮೊದಲಿನಿಂದ ಒರೆಸತೊಡಗಿದ.