ಹಿಲ್ಕಾ ಊರಲ್ಲಿಲ್ಲದ ಶನಿವಾರ

ಕೌನೊಗೆ ಹೆಂಡತಿಯ ಮೇಲೆ ಮೊದಲು ಅನುಮಾನ ಹುಟ್ಟಿದ್ದು ಅವಳು ನಕ್ಕಾಗ. ಜೋರಾದ ನಗುವೇನಲ್ಲ. ಹಿಲ್ಕಾ ಅಡುಗೆಮನೆಯ ಮೂಲೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಏನನ್ನೋ ಓದಿದಳು, ತನ್ನಷ್ಟಕ್ಕೇ ಕಿಸಕ್ಕನೆ ನಕ್ಕಳು, ಆಮೇಲೆ ಟಪಟಪ ಉತ್ತರ ಬರೆಯತೊಡಗಿದಳು. ಏನು ಅಂತ ಅವನು ಕೇಳಿದ.

"ಏನಿಲ್ಲ, ಎನ್ಸಿಯೊದು" ಅಂದಳು, ತಿರುಗಿ ಕೂಡ ನೋಡದೆ.

ಎನ್ಸಿಯೊ ಆ ಚಳಿಗಾಲ ಚರ್ಚಿನ ಗಾಯನ ತಂಡಕ್ಕೆ ಹೊಸದಾಗಿ ಸೇರಿದ್ದವನು. ಹೆಂಡತಿ ತೀರಿಕೊಂಡ ಮೇಲೆ ಇವರ ಊರು ವಾರ್ಕೌಸ್‌ಗೆ ಬಂದು ಸರೋವರದ ಆಚೆ ದಡದಲ್ಲಿ ಮನೆ ಮಾಡಿದ್ದ. ದಪ್ಪ ದನಿ, ಮಾತು ಕಡಿಮೆ. ಯಾರ ಮನೆಯ ಕಂಪ್ಯೂಟರ್ ಕೆಟ್ಟರೂ ಹೋಗಿ ನೋಡಿ ಬರುತ್ತಿದ್ದ. ಹಿಲ್ಕಾ ಎಷ್ಟೋ ವರ್ಷದಿಂದ ಆ ತಂಡದಲ್ಲಿ ಹಾಡುತ್ತಿದ್ದಳು. ಯಾರು ಬಂದರು, ಯಾರು ಬಿಟ್ಟರು ಅಂತ ಕೌನೊ ಯಾವತ್ತೂ ಕೇಳಿದವನಲ್ಲ. ಕಾಗದದ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದು, ಉಂಡು, ಟಿವಿ ಮುಂದೆ ಕೂರುತ್ತಿದ್ದ. ಅವಳ ಹಾಡಿನ ಅಭ್ಯಾಸಕ್ಕೆ "ನಿನ್ನ ಕೂಗಾಟ" ಅಂತ ಹೆಸರಿಟ್ಟಿದ್ದ. ಈಗ ಮಾತ್ರ ಎನ್ಸಿಯೊ ಹೀಗಂದ, ಎನ್ಸಿಯೊ ಹಾಗಂದ ಅನ್ನುವುದು ಊಟದ ಹೊತ್ತಲ್ಲೂ ಕಿವಿಗೆ ಬೀಳುತ್ತಿತ್ತು. ಒಮ್ಮೆ ಹಬೆ ಸ್ನಾನದ ಸೌನಾದಲ್ಲಿ ಕಾದ ಕಲ್ಲಿನ ಮೇಲೆ ನೀರು ಸುರಿಯುತ್ತಾ ಅವಳು ಆ ಹೆಸರೆತ್ತಿದಾಗ, ಇನ್ನೂ ಮೈ ಬೆವರುವ ಮೊದಲೇ ಅವನು ಎದ್ದು ಹೊರಗೆ ಬಂದುಬಿಟ್ಟ.

ಗಾಯನ ತಂಡ ಹಾಡಲು ಕುವೊಪಿಯೊ ಪಟ್ಟಣಕ್ಕೆ ಹೋದ ಶನಿವಾರ ಮನೆಯಲ್ಲಿ ಅವನೊಬ್ಬನೇ ಇದ್ದ. ಹಿಲ್ಕಾ, ಎನ್ಸಿಯೊ ಇಬ್ಬರೂ ಒಂದೇ ಬಸ್ಸಲ್ಲಿ ಹೋಗಿದ್ದಾರೆ ಅನ್ನುವುದು ತಲೆಯಿಂದ ಇಳಿಯಲಿಲ್ಲ. ಅಕ್ಕಪಕ್ಕ ಕೂತಿರಬಹುದು. ಅವಳು ಏಲಕ್ಕಿ ಬನ್ ಕಟ್ಟಿಕೊಂಡು ಹೋಗಿದ್ದಳು, ಅದನ್ನು ಎನ್ಸಿಯೊಗೂ ಕೊಟ್ಟಿರಬಹುದು. ಕೌನೊ ಕಂಪ್ಯೂಟರ್ ಮುಂದೆ ಕೂತು, ಮನೆಯವರ ಸಂದೇಶಗಳನ್ನು ಗುಟ್ಟಾಗಿ ಓದುವುದು ಹೇಗೆ ಅಂತ ಹುಡುಕಿದ. ಬಿಟ್ಟಿಯಾಗಿ ಸಿಗುವ ಒಂದು ಪ್ರೋಗ್ರಾಂ ಸಿಕ್ಕಿತು, ಹೆಸರು 'ಮನೆ ಕಾವಲು'. ಅದು ಒಂದರ ಮೇಲೊಂದು ಪ್ರಶ್ನೆ ಕೇಳಿತು. ಅವನು ಒಂದನ್ನೂ ಓದದೆ ಎಲ್ಲದಕ್ಕೂ ಸರಿ, ಸರಿ ಅಂತ ಒತ್ತುತ್ತಾ ಹೋದ.

ಮೂರ್ನಾಲ್ಕು ದಿನ ಬಿಟ್ಟು, ಅವಳು ಕೆಲಸಕ್ಕೆ ಹೋದಾಗ ತೆರೆದು ನೋಡಿದ. ಹಿಲ್ಕಾ, ಎನ್ಸಿಯೊ ಅಂತ ಹೆಸರುಗಳು ಸಾಲುಸಾಲಾಗಿ ಇದ್ದವು, ಹೆಸರಿನ ಮುಂದೆ ಮಾತನ್ನು ಮುಚ್ಚಿದ ಬರೀ ಬೂದು ಪಟ್ಟಿ. ಮಾತುಗಳನ್ನು ಓದಬೇಕಾದರೆ ಬ್ಯಾಂಕ್ ಕಾರ್ಡಿನ ವಿವರ ಕೊಡಿ ಅಂತ ಕೇಳುತ್ತಿತ್ತು. ಅಷ್ಟು ಧೈರ್ಯ ಅವನಿಗೆ ಬರಲಿಲ್ಲ. ಆದರೆ ಉದ್ದ ಪಟ್ಟಿ ಯಾವುದು, ಗಿಡ್ಡ ಪಟ್ಟಿ ಯಾವುದು ಅಂತ ನೋಡುತ್ತಾ ಕೂತ. ಉದ್ದದವೆಲ್ಲ ಹಿಲ್ಕಾ ಬರೆದವು. ತನಗೆ ಅವಳು ಕಳಿಸುವುದೆಲ್ಲ 'ಹಾಲು ತಗೊಂಡು ಬಾ' ಅನ್ನುವಷ್ಟೇ ಗಿಡ್ಡ.

ಅಷ್ಟರಲ್ಲೇ ಕಂಪ್ಯೂಟರ್ ಹದಗೆಟ್ಟಿತ್ತು. ಹಿಲ್ಕಾ ಏನು ಹುಡುಕಿದರೂ ಇನ್ಯಾವುದೋ ಗುರುತಿಲ್ಲದ ಪುಟ ಬರುತ್ತಿತ್ತು. ತೆರೆಯ ಮೂಲೆಯಲ್ಲಿ ರಿಯಾಯಿತಿ ಕೂಪನ್ನುಗಳು ಜಿಗಿಯುತ್ತಿದ್ದವು. ನಿಮ್ಮ ಕಂಪ್ಯೂಟರಿಗೆ ನೂರೆಂಟು ರೋಗ ಇವೆ ಅಂತ ಏನೋ ಒಂದು ಕೆಂಪಗೆ ಬೆದರಿಸುತ್ತಿತ್ತು. ಕೌನೊ ಅವಳಿಲ್ಲದಾಗ ತೆರೆಯ ಮೇಲಿದ್ದ 'ಮನೆ ಕಾವಲು' ಪ್ರೋಗ್ರಾಮಿನ ಪುಟ್ಟ ಚಿತ್ರವನ್ನು ಅಳಿಸಿದ. ಚಿತ್ರ ಹೋಯಿತು, ಕಾಟ ಹೋಗಲಿಲ್ಲ. ಕಾರ್ಖಾನೆಯ ಗೆಳೆಯರನ್ನು ಕೇಳೋಣವೆಂದರೆ, ಏನಕ್ಕೆ ಹಾಕಿದೆ ಅಂತ ಕೇಳುತ್ತಾರೆ.

"ಎನ್ಸಿಯೊ ಭಾನುವಾರ ಬಂದು ನೋಡ್ತಾರಂತೆ" ಅಂದಳು ಹಿಲ್ಕಾ. ಬೇಡ, ಹೊಸದೇ ತಗೊಳ್ಳೋಣ ಅಂದ ಕೌನೊ. ಅವಳು ಅವನ ಮುಖ ನೋಡಿದಳು. ಹರಿದ ಕೈಗವಸನ್ನು ಕೂಡ ಹೊಲಿಸಿ ಹಾಕಿಕೊಳ್ಳುವ ಗಂಡ ಅವನು.

ಎನ್ಸಿಯೊ ಭಾನುವಾರ ಮಧ್ಯಾಹ್ನ ಬಂದ. ಬಾಗಿಲಲ್ಲಿ ಬೂಟು ಬಿಚ್ಚಿದಾಗ ಅವನ ಕಾಲಲ್ಲಿ ಕೈಹೆಣಿಗೆಯ ನೀಲಿ ಕಾಲುಚೀಲ ಕಂಡಿತು. ಯಾರು ಹೆಣೆದಿದ್ದು ಅಂತ ಕೌನೊ ಥಟ್ಟನೆ ಕೇಳಿಬಿಟ್ಟ. ಅಕ್ಕ ಹೆಣೆದಿದ್ದು ಅಂದ ಎನ್ಸಿಯೊ, ಪ್ರಶ್ನೆ ಅರ್ಥವಾಗದೆ. ಹಿಲ್ಕಾ ಕಾಫಿಗೆ ಇಟ್ಟಳು. ಇರುವುದರಲ್ಲೇ ಒಳ್ಳೆಯ ಬಟ್ಟಲುಗಳನ್ನು ತೆಗೆದಳು. ಕೌನೊ ಅದನ್ನೂ ಗಮನಿಸಿದ.

ಎನ್ಸಿಯೊ ಮೊದಲು ಇಂಟರ್ನೆಟ್ ಸಂಪರ್ಕ ಕಿತ್ತ. ಆಮೇಲೆ ಕಂಪ್ಯೂಟರಿನಲ್ಲಿರುವ ಪ್ರೋಗ್ರಾಂಗಳನ್ನೆಲ್ಲ ಹಾಕಿದ ದಿನದ ಪ್ರಕಾರ ಜೋಡಿಸಿ ತೆರೆಯ ಮೇಲೆ ತಂದ. ಹಿಲ್ಕಾ ಅವನ ಹೆಗಲ ಹಿಂದೆ ಬಗ್ಗಿ ನಿಂತಳು. ಅವಳ ಕೂದಲು ಅವನ ಕಿವಿಗೆ ಎಷ್ಟು ಹತ್ತಿರವಿದೆ ಅನ್ನುವುದೊಂದೇ ಕೌನೊಗೆ ಕಾಣುತ್ತಿತ್ತು.

ಕೂಪನ್ನಿನದು, ಹುಡುಕಾಟ ಬದಲಿಸುವುದು, ರೋಗ ಇದೆ ಅಂತ ಬೆದರಿಸುವುದು, ಹವಾಮಾನ ಹೇಳುವುದು, ಎಲ್ಲ ಒಂದೇ ದಿನ ಒಳಗೆ ಬಂದಿವೆ ಅಂತ ಎನ್ಸಿಯೊ ತೋರಿಸಿದ. ನಾವು ಬೇಕು ಅಂತ ಯಾವುದೋ ಒಂದನ್ನು ಹಾಕಿಕೊಳ್ಳುತ್ತೇವೆ, ಉಳಿದವು ಅದರ ಬಾಲ ಹಿಡಿದು ನುಗ್ಗುತ್ತವೆ ಅಂದ.

"ಶನಿವಾರ" ಅಂದಳು ಹಿಲ್ಕಾ ನಿಧಾನವಾಗಿ. "ಆವತ್ತು ನಾವು ಕುವೊಪಿಯೊದಲ್ಲಿದ್ವಲ್ಲ."

ಎನ್ಸಿಯೊನ ಕೈ ಒಂದು ಹೆಸರಿನ ಮೇಲೆ ನಿಂತಿತ್ತು. ಅದೇನು ಅಂತ ಅವನಿಗೆ ಗೊತ್ತಾಗಿದೆ ಅನ್ನುವುದು ಕೌನೊಗೂ ಗೊತ್ತಾಯಿತು. ಇದನ್ನೂ ತೆಗೆದುಬಿಡುತ್ತೇನೆ ಅಂತ ಎನ್ಸಿಯೊ ಗೊಣಗಿದ, ಪಟ್ಟನೆ ಬೇರೆ ಕಡೆ ಹೋಗಲು ನೋಡಿದ. ಹಿಲ್ಕಾ ಅವನ ಕೈ ತಡೆದಳು.

"ಏನಿದು ಮನೆ ಕಾವಲು?"

ಎನ್ಸಿಯೊ ತನ್ನನ್ನು ಕಾಪಾಡಲು ನೋಡಿದ್ದು ಕೌನೊಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು. "ನಾನೇ ಹಾಕಿದ್ದು" ಅಂದ. "ನೀನು ಇವನಿಗೆ ಏನು ಬರೀತೀಯ ಅಂತ ನೋಡೋಕೆ."

ಕಾಫಿ ಯಂತ್ರ ಗೊರಗೊರ ಅಂದು ಸುಮ್ಮನಾಯಿತು.

"ಓದಿದ್ಯಾ?" ಅಂತ ಕೇಳಿದಳು ಹಿಲ್ಕಾ.

"ಇಲ್ಲ. ಕಾಣಲಿಲ್ಲ."

"ಕಂಡಿದ್ರೆ?"

ಈಸ್ಟರ್ ಹಬ್ಬಕ್ಕೆ ಒಂದು ಹಾಡನ್ನು ನೀನೊಬ್ಬಳೇ ಹಾಡು ಅಂತ ತಂಡದವರು ಹೇಳಿದ್ದಾರೆ, ತನಗೆ ಹೆದರಿಕೆಯಿಂದ ನಿದ್ದೆ ಬರುತ್ತಿಲ್ಲ ಅಂತ ಅವಳು ಹೇಳಿದಳು. ಉದ್ದಕ್ಕೆ ಬರೆದದ್ದೆಲ್ಲ ಅದನ್ನೇ. ನಿನಗೇ ಹೇಳಬಹುದಿತ್ತು, ಹೇಳಿದ್ದರೆ ನೀನು ಕೂಗಾಟ ಅಂತಿದ್ದೆ. ಸಿಟ್ಟಿಲ್ಲದೆ ಇಷ್ಟು ಹೇಳಿ ಅವಳು ಎನ್ಸಿಯೊನ ಕಡೆ ತಿರುಗಿದಳು.

"ನೀವಾದ್ರೂ ಹೇಳಿ ಇವನಿಗೆ. ನಮ್ಮಿಬ್ಬರ ಮಧ್ಯೆ ಏನೂ ಇಲ್ಲ ಅಂತ."

ಎನ್ಸಿಯೊನ ಕತ್ತು ಕೆಂಪಾಯಿತು, ಆಮೇಲೆ ಕಿವಿ.

"ಹಿಲ್ಕಾ ಕಡೆಯಿಂದ ಏನೂ ಇಲ್ಲ" ಅಂದ.

ಹಿಲ್ಕಾ ಮೆಲ್ಲಗೆ ಕುರ್ಚಿ ಎಳೆದು ಕೂತಳು, ಅವನ ಮನಸ್ಸಿನಲ್ಲಿದ್ದದ್ದು ಅವಳಿಗೂ ಗೊತ್ತಿರಲಿಲ್ಲ. ಇಷ್ಟು ದಿನ ತನ್ನ ಅನುಮಾನ ನಿಜವಾಗಲಿ ಎಂದು ಕಾಯುತ್ತಿದ್ದವನಂತೆ ಇದ್ದ ಕೌನೊಗೆ, ಅದರಲ್ಲಿ ಅರ್ಧ ನಿಜವಾದಾಗ ಯಾರನ್ನು ಬೈಯಬೇಕು ಅಂತ ತಿಳಿಯಲಿಲ್ಲ.

ಎನ್ಸಿಯೊ ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ಹೋಗಲಿಲ್ಲ. ಮೊದಲು 'ಮನೆ ಕಾವಲು' ಪ್ರೋಗ್ರಾಂ ಕಿತ್ತ, ಆಮೇಲೆ ಅದರ ಹಿಂದೆ ಬಂದ ಒಂದೊಂದನ್ನೂ. ಹುಡುಕುವ ಪುಟವನ್ನು ಮೊದಲಿದ್ದಂತೆ ಮಾಡಿದ, ಅದಕ್ಕೆ ಅಂಟಿಕೊಂಡಿದ್ದ ಚಿಲ್ಲರೆ ತುಣುಕುಗಳನ್ನು ತೆಗೆದ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿ, ವೈರಸ್ ಹುಡುಕುವ ಪ್ರೋಗ್ರಾಂ ನಡೆಸಿದ. ಪಾಸ್‌ವರ್ಡುಗಳನ್ನೆಲ್ಲ ಇವತ್ತೇ ಬದಲಿಸಿ, ಇದರಲ್ಲಿ ಬೇಡ, ಫೋನಿನಲ್ಲಿ ಮಾಡಿ ಅಂತ ಗೋಡೆಗೆ ಹೇಳಿದಂತೆ ಹೇಳಿದ. ಕಾಫಿ ಕುಡಿಯದೆ ಬೂಟು ಹಾಕಿಕೊಂಡು ಹೊರಟ. ಬಾಗಿಲ ತನಕ ಹೋದವನು ಕೌನೊ. ಥ್ಯಾಂಕ್ಸ್ ಅನ್ನಬೇಕೋ ಬೇಡವೋ ಗೊತ್ತಾಗದೆ, ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗಿದೆ, ಜಾರುತ್ತೆ ಅಂದ.

ಹಿಲ್ಕಾ ತನ್ನ ಹಾಸಿಗೆಯನ್ನು ಪಕ್ಕದ ಕೋಣೆಗೆ ಹಾಕಿಕೊಂಡಳು. ಬಹಳ ದಿನ ಅಲ್ಲೇ ಮಲಗಿದಳು. ಪಾಸ್‌ವರ್ಡು ಬದಲಿಸಿದಳು, ಅವನಿಗೆ ಹೇಳಲಿಲ್ಲ, ಅವನು ಕೇಳಲಿಲ್ಲ. ಎನ್ಸಿಯೊ ಬರೆಯುವುದು ನಿಲ್ಲಿಸಿದ. ಕಂಪ್ಯೂಟರ್ ಮುಂದೆ ಅವಳು ನಗುತ್ತಿಲ್ಲ ಅನ್ನುವುದು ಕೌನೊನ ಗಮನಕ್ಕೆ ಬಂತು, ಬೇಕಾಗಿದ್ದು ಅದೇ ಆದರೂ ಮನಸ್ಸಿಗೆ ಹಿತವಾಗಲಿಲ್ಲ. ಒಂದು ಸಂಜೆ, ಅವಳು ಪಾತ್ರೆ ತೊಳೆಯುತ್ತಿದ್ದಾಗ, ಆ ಹಾಡು ಎಲ್ಲಿ ತನಕ ಬಂತು ಅಂತ ಕೇಳಿದ. ಅವಳು ನಲ್ಲಿ ನಿಲ್ಲಿಸಿ, ಮೊದಲ ಚರಣ ಹಾಡಿದಳು. ಮೇಲಿನ ಸ್ವರದಲ್ಲಿ ದನಿ ಒಡೆಯಿತು. ಅವನು ನಗಲಿಲ್ಲ.

ಈಸ್ಟರ್ ದಿನ ಕೌನೊ ಕೋಟು ತೊಟ್ಟು ಚರ್ಚಿನ ಮುಂದಿನ ಸಾಲಲ್ಲಿ ಕೂತ. ಹಿಲ್ಕಾ ಒಂದು ಹೆಜ್ಜೆ ಮುಂದೆ ಬಂದು ಹಾಡಿದಳು, ಅವತ್ತು ದನಿ ಒಡೆಯಲಿಲ್ಲ. ತಂಡದ ಹಿಂದಿನ ಸಾಲಿನ ತುದಿಯಲ್ಲಿ ಎನ್ಸಿಯೊ ನಿಂತಿದ್ದ. ಹಾಡು ಶುರುವಾಗಿ ಮುಗಿಯುವ ತನಕ ಅವನು ಹಿಲ್ಕಾಳ ಕಡೆ ಒಮ್ಮೆಯೂ ನೋಡಲಿಲ್ಲ, ಕಣ್ಣು ಕಿಟಕಿಯಲ್ಲೇ ನೆಟ್ಟಿತ್ತು. ಹಾಗೆ ನೋಡದೆ ಇರುವುದು ಎಷ್ಟು ಕಷ್ಟವೆಂದು ಕೂತಿದ್ದ ಅಷ್ಟು ಜನರಲ್ಲಿ ಕೌನೊ ಒಬ್ಬನಿಗೇ ಗೊತ್ತಿತ್ತು, ಹಾಡು ಮುಗಿದ ಮೇಲೂ ಅವನು ಎನ್ಸಿಯೊನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.