ಟೀವಿಯಲ್ಲಿ ಬಂದ ದೆವ್ವ

ಎಂಬತ್ತೇಳರಲ್ಲಿ ಬಳ್ಳಾರಿಯ ಗಾಂಧಿನಗರದ ಆ ಓಣಿಗೆಲ್ಲ ತಿಪ್ಪೇರುದ್ರಪ್ಪನ ಮನೆಯಲ್ಲೊಂದೇ ಟೀವಿ ಇತ್ತು. ಬೊಂಬಾಯಿಯಲ್ಲಿ ತಯಾರಾಗಿ ವಾರಕ್ಕೊಮ್ಮೆ ಬರುತ್ತಿದ್ದ ದೆವ್ವದ ಹಿಂದಿ ಧಾರಾವಾಹಿ ಮೊದಮೊದಲು ಎಲ್ಲರನ್ನೂ ನಡುಗಿಸಿತ್ತು. ಬರಬರುತ್ತಾ ಅದು ಎಷ್ಟು ಸಪ್ಪೆಯಾಯಿತೆಂದರೆ ಈಗ ಜನ ನಗುವುದಕ್ಕೆಂದೇ ಸೇರುತ್ತಿದ್ದರು.

ಆ ವಾರದ ದೆವ್ವವಂತೂ ಮುಖಕ್ಕೆ ಹಿಟ್ಟು ಬಳಿದುಕೊಂಡ ಸಾದಾ ಮನುಷ್ಯ. ಬೆವರಿಗೆ ಹಿಟ್ಟು ಕರಗಿ ಕೆನ್ನೆ ಕಾಣುತ್ತಿತ್ತು.

“ಇದಕ್ಕ ಯಾರು ಅಂಜತಾರಲೇ!” ಎಂದು ತಿಪ್ಪೇರುದ್ರಪ್ಪ ನಕ್ಕ.

ಅವನ ತಂಗಿ ಅಕ್ಕನಾಗಮ್ಮ ಮಾತ್ರ ದಿಗ್ಗನೆ ಎದ್ದು ನಿಂತಳು. ಅವಳ ಗಂಡ ಕೊಟ್ರಬಸಪ್ಪ ಹಲವು ವರ್ಷಗಳ ಹಿಂದೆ ಸಿರುಗುಪ್ಪದ ಹತ್ತಿರ ಹೊಳೆಯಲ್ಲಿ ಕೊಚ್ಚಿಹೋದನೆಂದು ಸುದ್ದಿ ಬಂದಿತ್ತು. ದಡದಲ್ಲಿ ಅಂಗಿ, ಚಪ್ಪಲಿ ಸಿಕ್ಕಿದ್ದವು; ಹೆಣ ಸಿಕ್ಕಿರಲಿಲ್ಲ. ಅವಳ ಬಳೆ ಒಡೆಸಿ, ಕುಂಕುಮ ಅಳಿಸಿ ತವರಿಗೆ ಕರೆತಂದಿದ್ದರು.

“ಅಣ್ಣಾ, ಅವರು... ಅವರೇ ಅದಾರ.”

ದೆವ್ವ ಕತ್ತು ವಾರೆ ಮಾಡಿ ನಕ್ಕಿತು. ಆ ನಗೆಯನ್ನು ತಿಪ್ಪೇರುದ್ರಪ್ಪನೂ ಗುರುತಿಸಿದ. ಅವನು ತಂಗಿಯ ಕಡೆ ತಿರುಗಿದ.

“ನಾಳೇನ ಬೊಂಬಾಯಿಗೆ ಹೋಗಿ ಹುಡುಕಿ ಎಳಕೊಂಡು ಬರ್ತೀನವ್ವ.”

“ಬ್ಯಾಡಣ್ಣ. ಅವರು ಬದುಕ್ಯಾರಂತ ನನಗ ಇವತ್ತು ಗೊತ್ತಾತು. ನಾ ಬದುಕೀನಂತ ಅವರಿಗೆ ಇಷ್ಟು ವರ್ಷನೂ ಗೊತ್ತಿತ್ತಲ್ಲ?”

ಅಕ್ಕನಾಗಮ್ಮ ಟೀವಿ ಆರಿಸಿದಳು. ಮರುದಿನ ಬೆಳಿಗ್ಗೆ ಕುರುಗೋಡಿನ ಬಸ್ಸು ಹತ್ತಿ, ಮಗನನ್ನು ನೆನೆದು ಇನ್ನೂ ಅಳುತ್ತಿದ್ದ ಅತ್ತೆಗೆ ಸುದ್ದಿ ಹೇಳಲು ಒಬ್ಬಳೇ ಹೋದಳು.